ಓಝೋನ್ ರಂಧ್ರ ಕಂಡ ಮೂವರು

ಕೇಳುಗರಿಗೆ ನಮಸ್ಕಾರ.

ಅಂಟಾರ್ಕ್ಟಿಕದ ಮೇಲಣ ಓಝೋನ್ ಪದರ ವಸಂತದಲ್ಲಿ ತೀವ್ರವಾಗಿ ಕ್ಷೀಣಿಸುತ್ತಿದೆಯೆಂದು 1985ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದವರು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೇ ಸಂಸ್ಥೆಯ ಮೂವರು ವಿಜ್ಞಾನಿಗಳು. ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಎಂಬ ಈ ಮೂವರನ್ನು ನಿಮಗೆ ಪರಿಚಯಿಸುವುದು ನನಗೆ ನಿಜಕ್ಕೂ ಸಂತೋಷದ ಕೆಲಸ.

ಹಿರಿಯರಾದ ಫಾರ್ಮನ್ 1930ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಓದಿ, ಕೆಲಕಾಲ ಕ್ಷಿಪಣಿಗಳ ಕೆಲಸದಲ್ಲಿದ್ದು, 1956ರಲ್ಲಿ ಅಂಟಾರ್ಕ್ಟಿಕ ಸಮೀಕ್ಷೆಗೆ ಸೇರಿದರು. ವರ್ಷಗಟ್ಟಲೆ ಓಝೋನಿನ ಒಂದೇ ಬಗೆಯ ಅಳತೆಯನ್ನು ಬಿಡದೆ ಮುಂದುವರಿಸುವುದರಿಂದ ಏನು ಉಪಯೋಗವೆಂದು ಕೇಳುವವರಿದ್ದರೂ ಅವರು ಅದನ್ನು ಕೈಬಿಡಲಿಲ್ಲ; ನನ್ನ ದೃಷ್ಟಿಯಲ್ಲಿ ಈ ತಂಡದ ದೊಡ್ಡ ಬಲ ಅದೇ. ಎರಡನೆಯವರಾದ ಗಾರ್ಡಿನರ್ ವಾತಾವರಣವನ್ನು ಅಭ್ಯಸಿಸಿದ ವಿಜ್ಞಾನಿ.

ಕಿರಿಯರಾದ ಶಾಂಕ್ಲಿನ್ ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಓದಿ 1977ರಲ್ಲಿ ತಂಡಕ್ಕೆ ಬಂದರು. ಬಿಡುವಿನಲ್ಲಿ ಧೂಮಕೇತುಗಳನ್ನು ವೀಕ್ಷಿಸುವುದು, ಗಿಡಮರಗಳನ್ನು ಗುರುತಿಸಿ ದಾಖಲಿಸುವುದು ಅವರ ಹವ್ಯಾಸ. ನೋಡಿದ್ದನ್ನು ಆಗಿಂದಾಗಲೇ ಬರೆದಿಡುವ ಈ ಅಭ್ಯಾಸ ಕಚೇರಿಯ ಕೆಲಸಕ್ಕೂ ಒದಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಕೈಬರಹದ ಹಾಳೆಗಳಲ್ಲಿ ರಾಶಿಬಿದ್ದಿದ್ದ ಹಳೆಯ ಅಳತೆಗಳನ್ನು ಕಂಪ್ಯೂಟರಿಗೆ ಏರಿಸುವ ಹೊಣೆ ಅವರ ಪಾಲಿಗೆ ಬಂದಿತ್ತು.

ಆ ಅಳತೆಗಳು ಬಂದದ್ದು ಡಾಬ್ಸನ್ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉದ್ದನೆಯ ಉಪಕರಣದಿಂದ. ಓಝೋನ್ ಹೆಚ್ಚಾಗಿ ಹೀರುವ ಒಂದು ನೇರಳಾತೀತ ತರಂಗಾಂತರವನ್ನೂ ಅಷ್ಟಾಗಿ ಹೀರದ ಇನ್ನೊಂದನ್ನೂ ಅದು ಹೋಲಿಸುತ್ತದೆ. ವೀಕ್ಷಕ ಡಯಲ್ ತಿರುಗಿಸುತ್ತಾ ಮುಳ್ಳು ಸೊನ್ನೆಗೆ ಬರುವವರೆಗೆ ಕಾದು, ಅಂಕಿಯನ್ನು ಬರೆದುಕೊಳ್ಳುತ್ತಾನೆ. ಅಂಟಾರ್ಕ್ಟಿಕದಲ್ಲಿರುವ ಬ್ರಿಟಿಷ್ ಸಂಶೋಧನಾ ಕೇಂದ್ರವಾದ ಹ್ಯಾಲಿ ನೆಲೆಯ ಕೊರೆಯುವ ಚಳಿಯಲ್ಲಿ ಆ ಉಪಕರಣಕ್ಕೆ ರಜಾಯಿ ಹೊದಿಸಿ ಬೆಚ್ಚಗಿಡುತ್ತಿದ್ದರಂತೆ.

ಸಾರ್ವಜನಿಕ ಪ್ರದರ್ಶನವೊಂದಕ್ಕೆಂದು, ಓಝೋನ್ ಇಪ್ಪತ್ತು ವರ್ಷದ ಹಿಂದೆ ಇದ್ದಷ್ಟೇ ಇದೆ, ಓಝೋನನ್ನು ನಾಶಮಾಡುತ್ತವೆ ಎನ್ನಲಾದ ಸ್ಪ್ರೇ ಡಬ್ಬಿಗಳ ಅನಿಲಗಳಿಂದ ಭಯವಿಲ್ಲ ಎಂದು ತೋರಿಸಲು ಹೊರಟ ಶಾಂಕ್ಲಿನ್ ಅವರಿಗೆ ಅಂಕಿಗಳು ಬೇರೆಯದನ್ನೇ ಹೇಳಿದವು. ಹ್ಯಾಲಿಯಲ್ಲಿ ಅಕ್ಟೋಬರ್ ತಿಂಗಳ, ಅಂದರೆ ಅಲ್ಲಿನ ವಸಂತದ, ಸರಾಸರಿಯು ಓಝೋನ್ ಪ್ರಮಾಣದ ಮಾನವಾದ ಡಾಬ್ಸನ್ ಯೂನಿಟ್ ಲೆಕ್ಕದಲ್ಲಿ ಸುಮಾರು 300ರಿಂದ 1984ರ ವೇಳೆಗೆ 200ರ ಆಸುಪಾಸಿಗೆ ಇಳಿದಿತ್ತು. ಹಳೆಯ ಉಪಕರಣವೇ ಕೆಟ್ಟಿರಬಹುದೆಂಬ ಅನುಮಾನವಿತ್ತು. ಬದಲಿಗೆ ತಂದ ಇನ್ನೊಂದು ಉಪಕರಣವೂ ಕಡಿಮೆ ಅಂಕಿಯನ್ನೇ ತೋರಿಸಿತು. ಆಗ ಮೂವರೂ ಕೂಡಿ ಪ್ರಬಂಧ ಬರೆದರು.

1987ರಲ್ಲಿ, ಓಝೋನನ್ನು ನಾಶಮಾಡುವ ಇಂಥ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದ ರೂಪುಗೊಂಡಿತು. ಫಾರ್ಮನ್ 2013ರಲ್ಲಿ ತೀರಿಕೊಂಡರು. ಶಾಂಕ್ಲಿನ್ ಅವರು ಧೂಮಕೇತುಗಳನ್ನೂ ಕೇಂಬ್ರಿಜ್ ಸುತ್ತಲಿನ ಗಿಡಗಳನ್ನೂ ದಾಖಲಿಸುವುದನ್ನು ಆಮೇಲೂ ಬಿಡಲಿಲ್ಲ.