ಅಜ್ಜಿ ಮನೆ ಟಿವಿಗೆ ಒಂದು ಫೋಟೊ ಡಿಸ್ಕ್

ಈಗ ನೀವು ನೋಡ್ತಾ ಇರೋದು ತೀರ್ಥಹಳ್ಳಿ ಹತ್ರ ಇರೋ ನಮ್ಮಜ್ಜಿ ಮನೆಯ ನಡುಮನೆ. ಮೂಲೇಲಿ 21 ಇಂಚಿನ ಹಳೇ ಡಬ್ಬಾ ಟಿವಿ, ಅದರ ಕೆಳಗೆ ಡಿವಿಡಿ ಪ್ಲೇಯರ್. ಪೆನ್ ಡ್ರೈವ್ ಹಾಕೋಕೆ ಜಾಗ ಇಲ್ಲ. ಹಿಂದೆ ಹಳದಿ, ಕೆಂಪು, ಬಿಳಿ, ಮೂರೇ ಪಿನ್ನು. ಹಳದೀಲಿ ಚಿತ್ರ, ಉಳಿದೆರಡರಲ್ಲಿ ಸದ್ದು.

ಅಕ್ಕನ ಮಗುಗೆ ಬೆಂಗಳೂರಲ್ಲಿ ಹೆಸರಿಟ್ವಿ. ಮಂಡಿನೋವಿಂದ ಅಜ್ಜಿಗೆ ಬರೋಕಾಗ್ಲಿಲ್ಲ. ಅದಾದ್ಮೇಲೆ ಮೊದಲ ಸಲ ಬಂದಾಗ ಫೋನಲ್ಲೇ ತೋರಿಸಿದ್ದೆ. ‘ಇದ್ಯಾರು ಮಗಾ?’ ಅಂತ ಅಜ್ಜಿ ಬೆರಳಿಟ್ಟ ಕೂಡ್ಲೆ ಫೋಟೊ ಸರಿದು ಬೇರೇದು ಬರ್ತಿತ್ತು. ನಾಲ್ಕು ಸಲ ಹಾಗಾದ್ಮೇಲೆ ಕೈನ ಮಡಿಲಲ್ಲಿ ಇಟ್ಕೊಂಡು ಸುಮ್ನೆ ನೋಡ್ತಾ ಕೂತ್ರು. ಅವತ್ತೇ ಅನ್ಕೊಂಡೆ, ಇದು ಟಿವೀಲಿ ಬರ್ಬೇಕು, ಅವರ ಕೈಗೆ ಸಿಗೋ ಹಾಗಿರ್ಬೇಕು ಅಂತ.

ಮೊದಲು ಸುಲಭದ ದಾರಿ ಹಿಡಿದೆ. 700 ಎಂಬಿ ಸಿಡಿಗೆ ಫೋಟೊಗಳನ್ನ ಹಾಗೇ ಕಾಪಿ ಮಾಡಿ ತಂದೆ. ಪ್ಲೇಯರ್ ಓದ್ತು. ಆದ್ರೆ ಉದ್ದುದ್ದ ತೆಗೆದಿದ್ದ ಫೋಟೊಗಳೆಲ್ಲ ಅಡ್ಡ ಮಲಗಿದ್ವು. ಫೋನು ಫೋಟೊನ ನಿಜವಾಗಿ ತಿರುಗಿಸೋದಿಲ್ಲ, ‘ಹೀಗೆ ತಿರುಗಿಸಿ ತೋರಿಸು’ ಅಂತ ಫೈಲ್ ಒಳಗೆ ಒಂದು ಗುರುತು ಮಾತ್ರ ಇಡುತ್ತೆ. ಹಳೇ ಪ್ಲೇಯರ್ ಆ ಗುರುತನ್ನ ನೋಡೋದೇ ಇಲ್ಲ. ಎಡಿಟಿಂಗ್ ಆ್ಯಪಲ್ಲಿ ಸೇವ್ ಮಾಡಿದ ಕೆಲವು ಫೋಟೊ ತೆರೀಲೇ ಇಲ್ಲ. ಜೆಪೆಗ್ ಅನ್ನೋ ಫೋಟೊ ಫೈಲಲ್ಲಿ ಎರಡು ಬಗೆ. ಅವೆಲ್ಲ ಮಸುಕಾಗಿ ಶುರುವಾಗಿ ಹಂತಹಂತವಾಗಿ ತಿಳಿಯಾಗೋ ಪ್ರೋಗ್ರೆಸಿವ್ ಬಗೆ; ಇಂಥ ಪ್ಲೇಯರ್‌ಗೆ ಸಾದಾ ಬೇಸ್‌ಲೈನ್ ಬಗೇನೇ ಬೇಕು. ತೆರೆದವೂ ಒಂದೊಂದು ಬರೋಕೆ ಸುಮಾರು ಹೊತ್ತು ತಗೊಳ್ತಿದ್ವು.

ಅದಕ್ಕೇ ಈ ಸಲ ಫೋಟೊಗಳು ಸಿನಿಮಾ ಹಾಗೆ ಒಂದರ ಹಿಂದೆ ಒಂದು ಬರೋ ಡಿವಿಡಿ ವಿಡಿಯೋನೇ ಮಾಡ್ದೆ. ನಮ್ಮ ದೇಶದ ಹಳೇ ಟಿವಿಗಳ ‘ಪಾಲ್’ (PAL) ಅನ್ನೋ ಪದ್ಧತೀಲಿ ಡಿವಿಡಿ ಚಿತ್ರ ಅಂದ್ರೆ 720 ಚುಕ್ಕಿ ಅಡ್ಡ, 576 ಉದ್ದ. ಒಟ್ಟು ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ನನ್ನ ಫೋನಿನ ಫೋಟೊದಲ್ಲಿ 4000 ಅಡ್ಡ, 3000 ಉದ್ದ, ಅಂದ್ರೆ ಒಂದು ಕೋಟಿ ಇಪ್ಪತ್ತು ಲಕ್ಷ. ಹತ್ತಿರತ್ತಿರ 29 ಚುಕ್ಕಿ ಸೇರಿ ಒಂದಾಗುತ್ತೆ. ಹಿಂದಿನ ಸಾಲಲ್ಲಿ ನಿಂತೋರ ಮುಖ ಕಾಣಲ್ಲ. ಹಾಗಾಗಿ ಗುಂಪಿನ ಫೋಟೊ ಬಿಟ್ಟು ಹತ್ತಿರದಿಂದ ತೆಗೆದಿದ್ದನ್ನೇ ಆರಿಸ್ದೆ. 640ರಲ್ಲಿ 86 ಉಳೀತು. ಈ ಆರಿಸೋ ಕೆಲಸಕ್ಕೇ ಎರಡು ರಾತ್ರಿ ಹಿಡೀತು. ಇಡೀ ಡಿಸ್ಕಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ ಅಂತೀನಿ ನಾನು.

ಇನ್ನೊಂದು ವಿಷಯ. ಡಬ್ಬಾ ಟಿವಿ ಚಿತ್ರದ ನಾಲ್ಕೂ ಅಂಚನ್ನ ಒಂದಿಷ್ಟು ನುಂಗಿಬಿಡುತ್ತೆ. ಮೊದಲ ಸಿಡೀಲಿ ಮಗು ಹಣೆನೇ ಹೋಗಿತ್ತು. ಈ ಸಲ ಪ್ರತಿ ಫೋಟೊ ಸುತ್ತ ನೂರಕ್ಕೆ ಹತ್ತರಷ್ಟು ಕಪ್ಪು ಅಂಚು ಬಿಟ್ಟೆ. ಫೋನ್ ಅಡ್ಡ ಹಿಡಿದು ತೆಗೆದ ಫೋಟೊದ ಆಕಾರಾನೂ ಹಳೇ ಟಿವಿ ಆಕಾರಾನೂ ಒಂದೇ, 4:3. ಅವು ಚೆನ್ನಾಗಿ ಕೂತ್ವು.

ಜೋಡಿಸಿದ್ದು ಡಿವಿಡಿ ಸ್ಟೈಲರ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ. ಮೆನು ತೆಗೆದುಹಾಕ್ದೆ. ಡಿಸ್ಕ್ ಹಾಕಿದ್ರೆ ತಾನೇ ಶುರು, ಮುಗಿದ್ರೆ ಮತ್ತೆ ಮೊದಲಿಂದ. ಒಂದೊಂದು ಫೋಟೊಗೆ 5 ಸೆಕೆಂಡ್ ಇಡೋಣ ಅನ್ಕೊಂಡಿದ್ದೆ. ಅಮ್ಮ ಪಕ್ಕ ಕೂತು ನೋಡಿ, ‘ಅಜ್ಜಿಗೆ ಗುರುತು ಹಿಡಿಯೋಕೆ ಹೊತ್ತು ಬೇಡ್ವಾ?’ ಅಂದ್ರು. 12 ಮಾಡ್ದೆ. ಎಲ್ಲಾ ಸೇರಿ 17 ನಿಮಿಷ 12 ಸೆಕೆಂಡ್.

ಒಂದೇ ಸಲ ಬರೆಯೋಕಾಗೋ ಖಾಲಿ ಡಿಸ್ಕ್, ಡಿವಿಡಿ-ಆರ್, ತಂದಿದ್ದು ಬೆಂಗಳೂರಿನ ಎಸ್.ಪಿ. ರೋಡಿಂದ. ಡಿಸ್ಕ್ ಮೇಲೆ ಬರೆಯೋ ವೇಗ 16ಎಕ್ಸ್ ಅಂತಿದ್ರೂ ನಿಧಾನವಾಗಿ, 4ಎಕ್ಸಲ್ಲೇ ಬರ್ನ್ ಮಾಡ್ದೆ. ಕೊನೇಲಿ ಫೈನಲೈಸ್ ಮಾಡೋದು, ಅಂದ್ರೆ ಡಿಸ್ಕಿಗೆ ಬರೆಯೋದು ಮುಗೀತು ಅಂತ ಮುಚ್ಚೋದು, ಮರೀಬೇಡಿ, ಇಲ್ಲಾಂದ್ರೆ ಕಂಪ್ಯೂಟರಲ್ಲಿ ಓಡಿದ್ದು ಪ್ಲೇಯರಲ್ಲಿ ಓಡಲ್ಲ. ಮೇಲೆ ಹೆಸರು ಬರೆಯೋಕೆ ಮೆತ್ತನೆ ತುದಿಯ ಮಾರ್ಕರ್ ತಗೊಳ್ಳಿ. ಕಾಗದದ ಲೇಬಲ್ ಅಂಟಿಸ್ಬೇಡಿ, ತಿರುಗುವಾಗ ತೂಕ ಒಂದು ಕಡೆಗೆ ಎಳೆಯುತ್ತೆ.

ಹ್ಞಾಂ, ಈಗ ಅಜ್ಜಿನೇ ಗುಂಡಿ ಒತ್ತುತ್ತಾ ಇದಾರೆ.

ಮೊದಲ್ನೇದು ತೊಟ್ಟಿಲು. ಎರಡನೇದು ಮಗು ಮುಖ, ಎಡಗೆನ್ನೇಲಿ ದೃಷ್ಟಿಬೊಟ್ಟು. ನೋಡಿ, ಅಜ್ಜಿ ಎದ್ರು. ಮಂಡಿ ಹಿಡ್ಕೊಂಡು ಟಿವಿ ತನಕ ಹೋದ್ರು. ಗಾಜಿನ ಮೇಲೆ, ಸರಿಯಾಗಿ ಆ ಕಪ್ಪು ಬೊಟ್ಟಿನ ಮೇಲೆ ಬೆರಳಿಟ್ರು. ಫೋಟೊ ಅಲ್ಲೇ ಇತ್ತು. ‘ನಿಮ್ಮಕ್ಕಂಗೂ ಇಲ್ಲೇ ಇಡ್ತಿದ್ದೆ’ ಅಂದ್ರು.

ನಾಲ್ಕು ಸುತ್ತು ನೋಡಿದ್ವಿ. ನಾಲ್ಕನೇ ಸುತ್ತಲ್ಲಿ ಪಕ್ಕದ ಮನೆಯೋರೂ ಬಂದು ಕೂತಿದ್ರು, ಯಾರು ಯಾರು ಅಂತ ಅಜ್ಜಿನೇ ಹೇಳ್ತಾ ಇದ್ರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು, ‘ಇದರಲ್ಲೇ ನಮ್ಮ ಕೊಟ್ಟಿಗೆ ಕರುದೂ ಒಂದು ಹಾಕ್ತೀಯಾ? ಮಗು ದೊಡ್ಡದಾದ್ಮೇಲೆ ನೋಡ್ಲಿ.’ ಫೈನಲೈಸ್ ಆದ ಡಿಸ್ಕಿಗೆ ಮತ್ತೆ ಸೇರಿಸೋಕಾಗಲ್ಲ, ಇನ್ನೊಂದು ಮಾಡ್ತೀನಿ ಅಜ್ಜಿ ಅಂದೆ.

ಇದು ಮರುದಿನ ಬೆಳಿಗ್ಗೆ, ಕೊಟ್ಟಿಗೆ ಬಾಗಿಲು. ಬಿಸಿಲು ಈಗಷ್ಟೇ ಒಳಗೆ ಬಂದಿದೆ. ಅಜ್ಜಿ ಹಗ್ಗ ಹಿಡಿದಿದಾರೆ, ಕರು ಇತ್ತ ತಿರುಗೋದನ್ನ ಕಾಯ್ತಾ ಇದೀನಿ. ಫೋನ್ ಅಡ್ಡ ಹಿಡಿದಿದೀನಿ, ಸುತ್ತ ಜಾಗ ಬಿಟ್ಟು.