68 ಜಾಗ, ಎರಡು ಬಾಗಿಲು

ಕೇಳುಗರಿಗೆ ನಮಸ್ಕಾರ.

ಮಾರ್ಚ್ ಬಂತೆಂದರೆ ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳನ್ನು ಅಲ್ಲಿ ಓದಿಸುತ್ತಿರುವ ನಮ್ಮವರಿಗೂ ಇದು ಗೊತ್ತಿರುತ್ತದೆ. ವರ್ಷದ ದೊಡ್ಡ ಟೂರ್ನಿ ಶುರುವಾಗುವ ತಿಂಗಳದು. ಆದರೆ ಆ ಟೂರ್ನಿಗೆ ತಂಡಗಳನ್ನು ಆರಿಸುವುದು ಹೇಗೆ? ನನಗೆ ಪಂದ್ಯಗಳಷ್ಟೇ ಕುತೂಹಲ ಇದರಲ್ಲೂ ಇದೆ. 2024ರ ಪುರುಷರ ಟೂರ್ನಿಯನ್ನೇ ಹಿಡಿದು ಹೇಳುತ್ತೇನೆ.

ಮೇಲಿನ ದರ್ಜೆಗೆ ಅಲ್ಲಿ ಡಿವಿಷನ್ ಒಂದು ಅಂತಾರೆ. ಅದರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಟೂರ್ನಿಯಲ್ಲಿ ಜಾಗ ಇದ್ದದ್ದು 68ಕ್ಕೆ. ಒಳಗೆ ಹೋಗಲು ಎರಡು ಬಾಗಿಲು.

ಮೊದಲನೆಯದು ಸರಳ. ಕಾಲೇಜುಗಳು ಗುಂಪು ಗುಂಪಾಗಿ ಆಡುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಆ ವರ್ಷ ಅಂಥವು 32 ಇದ್ದವು. ಸೀಸನ್ ಮುಗಿಯುವಾಗ ಪ್ರತಿಯೊಂದೂ ತನ್ನದೇ ಒಂದು ಚಿಕ್ಕ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದವರಿಗೆ ನೇರ ಪ್ರವೇಶ. ಅದಕ್ಕೆ ಮೊದಲು ಎಷ್ಟು ಸೋತಿದ್ದೀರಿ ಅಂತ ಯಾರೂ ಕೇಳುವುದಿಲ್ಲ.

ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕ್ಯಾರೊಲೈನಾ ಸ್ಟೇಟ್ ತಂಡವನ್ನು ನೋಡಿ. ಸೀಸನ್ನಿನ ಕೊನೆಯ ನಾಲ್ಕು ಪಂದ್ಯವನ್ನೂ ಸೋತು, ಹತ್ತನೆಯ ಸ್ಥಾನದಲ್ಲಿ ತನ್ನ ಕಾನ್ಫರೆನ್ಸ್ ಟೂರ್ನಿಗೆ ಬಂತು. ಗೆಲ್ಲಲೇಬೇಕು, ಬೇರೆ ದಾರಿಯೇ ಇಲ್ಲ. ಮೂರು ದಿನ ಮೂರು ಗೆಲುವು. ನಾಲ್ಕನೆಯ ದಿನ ವರ್ಜೀನಿಯಾ ಎದುರು ಮೂರು ಪಾಯಿಂಟ್ ಹಿಂದೆ. ಉಳಿದದ್ದು ಐದೇ ಸೆಕೆಂಡು. ವರ್ಜೀನಿಯಾದ ಫ್ರೀ ಥ್ರೋ, ಅಂದರೆ ಫೌಲಿಗೆ ಸಿಗುವ ಎಸೆತ, ತಪ್ಪಿತು. ಮೈಕಲ್ ಓಕಾನೆಲ್ ಚೆಂಡು ಹಿಡಿದು ಓಡಿದ, ಮೂರು ಪಾಯಿಂಟಿನ ಗೆರೆಯ ಹೊರಗಿಂದ ಎಸೆದ. ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು! ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಗೆದ್ದು, ಮರುದಿನ ಫೈನಲ್ಲಿನಲ್ಲಿ ನಾರ್ತ್ ಕ್ಯಾರೊಲೈನಾವನ್ನೂ ಸೋಲಿಸಿದರು. ಐದು ದಿನ, ಐದು ಗೆಲುವು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯ ಬಾಗಿಲು ಕಾಯುವುದು ಹನ್ನೆರಡು ಜನರ ಒಂದು ಸಮಿತಿ. ಆ ವರ್ಷ ಉಳಿದ 36 ಜಾಗಕ್ಕೆ ತಂಡ ಆರಿಸಿದವರು ಅವರೇ. ತಮ್ಮ ಕಾಲೇಜಿನ ವಿಷಯ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು. ಅವರ ಮುಂದೆ ನೆಟ್ ಎಂಬ ರ‍್ಯಾಂಕಿಂಗ್ ಇರುತ್ತದೆ. ಸುಮ್ನೆ ಎಷ್ಟು ಗೆದ್ದಿರಿ ಎಂದು ಎಣಿಸುವುದಿಲ್ಲ, ಯಾರನ್ನು ಎಲ್ಲಿ ಗೆದ್ದಿರಿ ಎಂದೂ ನೋಡುತ್ತಾರೆ. ತವರಿನ ಗೆಲುವು ಅತಿ ಹೆಚ್ಚು ಬೆಲೆಯ ಗೆಲುವುಗಳ ಸಾಲಿಗೆ ಸೇರಬೇಕಾದರೆ ಎದುರಾಳಿ ನೆಟ್‌ನ ಮೊದಲ 30ರೊಳಗೆ ಇರಬೇಕು. ಎದುರಾಳಿಯ ಊರಿಗೇ ಹೋಗಿ ಗೆದ್ದರೆ 75ರೊಳಗೆ ಇದ್ದರೂ ಸಾಕು. ಇಬ್ಬರಿಗೂ ಸೇರದ ಅಂಗಳದಲ್ಲಾದರೆ 50. ಪರರ ಊರಿನಲ್ಲಿ ಗೆಲ್ಲುವುದು ಕಷ್ಟ ಅಲ್ವಾ, ಆ ಲೆಕ್ಕ ನ್ಯಾಯವೇ.

ತೊಡಕು ಇರುವುದು ಬೇರೆ ಕಡೆ. ದೊಡ್ಡ ಕಾನ್ಫರೆನ್ಸಿನ ತಂಡಕ್ಕೆ ವಾರ ವಾರವೂ ಬಲವಾದ ಎದುರಾಳಿ ಸಿಗುತ್ತಾನೆ. ಇಂದು ಸೋತರೆ ಶನಿವಾರ ಇನ್ನೊಂದು ಅವಕಾಶ. ಚಿಕ್ಕ ಕಾನ್ಫರೆನ್ಸಿನವರಿಗೆ ಅಂಥ ಪಂದ್ಯವೇ ಅಪರೂಪ. ಅವರ ಊರಿಗೆ ಬಂದು ಆಡಲು ದೊಡ್ಡವರು ಸುಲಭಕ್ಕೆ ಒಪ್ಪುವುದಿಲ್ಲ.

ಇಂಡಿಯಾನಾ ಸ್ಟೇಟ್‌ಗೆ ಆದದ್ದು ಇದೇ. ಒಂದು ಕಾಲಕ್ಕೆ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಲ್ಯಾರಿ ಬರ್ಡ್ ಆಡಿದ ಕಾಲೇಜು. ಆ ವರ್ಷ ದೊಡ್ಡ ಗಾಗಲ್ ಹಾಕಿಕೊಂಡು ಆಡುತ್ತಿದ್ದ ರಾಬಿ ಅವಿಲಾ ಅಲ್ಲಿನ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ. ಅಷ್ಟೆತ್ತರದ ಹುಡುಗ ಪಾಸ್ ಕೊಡುತ್ತಿದ್ದ ಚೆಂದವೇ ಬೇರೆ. ತಂಡ 28 ಗೆದ್ದಿತ್ತು, ಸೋತದ್ದು ಆರೇ. ತನ್ನ ಕಾನ್ಫರೆನ್ಸಿನ ಸೀಸನ್ನಿನಲ್ಲಿ ಅಗ್ರಸ್ಥಾನ. ನೆಟ್‌ನಲ್ಲೂ ಮೊದಲ 30ರೊಳಗೆ. ಕಾನ್ಫರೆನ್ಸ್ ಫೈನಲ್ಲಿನಲ್ಲಿ ಮಾತ್ರ ಡ್ರೇಕ್ ಎದುರು ನಾಲ್ಕು ಪಾಯಿಂಟಿಗೆ ಸೋತರು. ಮೊದಲ ಬಾಗಿಲು ಮುಚ್ಚಿತು.

ಎರಡನೆಯ ಬಾಗಿಲಲ್ಲಿ ನಿಂತು ಕಾದರು. ಆ ಹೊತ್ತಿಗೆ ಎನ್‌ಸಿ ಸ್ಟೇಟ್, ಒರೆಗಾನ್, ಡ್ಯುಕೇನ್, ಹೀಗೆ ಯಾರ ಲೆಕ್ಕದಲ್ಲೂ ಇಲ್ಲದ ತಂಡಗಳು ಕಾನ್ಫರೆನ್ಸ್ ಗೆದ್ದು ಒಳಗೆ ಬಂದವು. ಅಲ್ಲಿ ಸೋತ ಬಲಿಷ್ಠರಿಗೆ ಸಮಿತಿಯೇ ಜಾಗ ಕೊಡಬೇಕಾಯಿತು. ಅಂಚಿನಲ್ಲಿದ್ದವರಿಗೆ ಒಂದೊಂದೇ ಜಾಗ ಕಡಿಮೆಯಾಯಿತು. ಮಾರ್ಚ್ 17ರ ಭಾನುವಾರ ಪಟ್ಟಿ ಓದಿದಾಗ ಇಂಡಿಯಾನಾ ಸ್ಟೇಟ್ ಹೆಸರು ಇರಲಿಲ್ಲ.

ಅದಕ್ಕೆ ಸರಿಯಾಗಿ ಐವತ್ತು ವರ್ಷ ಮೊದಲು, 1974ರಲ್ಲಿ, ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ ಎಂಬ ನಿಯಮ ಇತ್ತು. ಮೇರಿಲ್ಯಾಂಡ್ ತಂಡ ತನ್ನ ಕಾನ್ಫರೆನ್ಸ್ ಫೈನಲ್ಲಿನಲ್ಲಿ ಹೆಚ್ಚುವರಿ ಸಮಯದಲ್ಲಿ 103-100ಕ್ಕೆ ಸೋತು ಮನೆಗೆ ಹೋಯಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದು ಅದು. ಗೆದ್ದವರು ಇದೇ ಎನ್‌ಸಿ ಸ್ಟೇಟ್! ಮರುವರ್ಷವೇ ನಿಯಮ ಸಡಿಲಿಸಿದರು. ಈಗ ಆ ಸಡಿಲಿಕೆಯ ಲಾಭ ಹೆಚ್ಚಾಗಿ ದೊಡ್ಡ ಕಾನ್ಫರೆನ್ಸುಗಳಿಗೇ ಹೋಗುತ್ತಿದೆ. ಸೀಸನ್ ಪೂರ್ತಿ ತನ್ನ ಕಾನ್ಫರೆನ್ಸಿನ ತುದಿಯಲ್ಲಿದ್ದ ತಂಡವನ್ನು, ನೆಟ್‌ನಲ್ಲೂ ಮೇಲಿದ್ದರೆ, ಸಮಿತಿ ಮೊದಲು ಒಳಗೆ ಕರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಡಿಯಾನಾ ಸ್ಟೇಟ್ ಹುಡುಗರು ಎನ್‌ಐಟಿ ಎಂಬ ಎರಡನೆಯ ಟೂರ್ನಿಗೆ ಹೋದರು. ತವರಾದ ಟೆರ್ರಿ ಹೋಟ್ ಪಟ್ಟಣದಲ್ಲಿ ಮೂರು ಪಂದ್ಯ ಗೆದ್ದರು, ಆಮೇಲೆ ಸೆಮಿಫೈನಲ್ಲನ್ನೂ ಗೆದ್ದರು. ಏಪ್ರಿಲ್ 4ರ ಫೈನಲ್ಲಿನಲ್ಲಿ ಸೀಟನ್ ಹಾಲ್ ಎದುರು 79-77ಕ್ಕೆ ಸೋತರು. ಬರೀ ಎರಡು ಪಾಯಿಂಟು. ಅದಾಗಿ ಎರಡು ದಿನಕ್ಕೆ ಎನ್‌ಸಿ ಸ್ಟೇಟ್, ದೊಡ್ಡ ಟೂರ್ನಿಯ ಕೊನೆಯ ನಾಲ್ಕರಲ್ಲಿ ಒಂದಾಗಿ, ಸೆಮಿಫೈನಲ್ ಆಡಲು ಅಂಗಳಕ್ಕಿಳಿಯಿತು.

ನಮಸ್ಕಾರ.