ಕರಿಕಲ್ಲಿನ ಗೆರೆ ಹಿಡಿದು: ನಮ್ಮ ನೆಲದ ಹಳೇ ಬಿರುಕುಗಳನ್ನು ಹುಡುಕುತ್ತಾ

1993ರ ಸೆಪ್ಟೆಂಬರ್ 30. ಬೆಳಗಿನ ಜಾವ, ಇನ್ನೂ ನಾಲ್ಕು ಆಗಿರಲಿಲ್ಲ. ರಾಯಚೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಸ್ಟ್ಯಾಂಡಿನ ತಟ್ಟೆಗಳು ಗಿಲಿಗಿಲಿ ಅಂದವಂತೆ. ಬೆಕ್ಕು ಬಂತೇನೋ ಅಂತ ಅವ್ವ ಎದ್ದು ಹೋಗಿ ನೋಡಿದಳು. ಬೆಕ್ಕಿರಲಿಲ್ಲ. ಬೆಳಗಾದ ಮೇಲೆ ರೇಡಿಯೋದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದ ಸುದ್ದಿ ಬಂತು. ಸುಮಾರು ಹತ್ತು ಸಾವಿರ ಜನ ಮಲಗಿದಲ್ಲೇ ಮಣ್ಣಾಗಿದ್ದರು. ಅವ್ವ ಇವತ್ತಿಗೂ ತಟ್ಟೆ ಸದ್ದಾದರೆ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಾಳೆ.

ಚಿಕ್ಕವಳಿದ್ದಾಗಿನಿಂದ ನನಗೆ ಒಂದೇ ಪ್ರಶ್ನೆ. ನಮ್ಮ ಕಡೆಯದು ಗಟ್ಟಿ ನೆಲ, ಬರೀ ಕಲ್ಲು ಅಂತಾರಲ್ಲ, ಅದು ಹೇಗೆ ನಡುಗುತ್ತೆ?

ಅದನ್ನೇ ಹುಡುಕಿಕೊಂಡು ನಾನು, ನನ್ನ ತಮ್ಮ ಕಾರು ತಗೊಂಡು ಹೊರಟೆವು. ಗೈಡ್ ಇಲ್ಲ, ಟೂರ್ ಪ್ಯಾಕೇಜ್ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಕಂಡದ್ದನ್ನು ವಿಡಿಯೋ ಮಾಡಿಕೊಂಡೆವು, ಅದನ್ನೇ ನಿಮಗೆ ತೋರಿಸ್ತಾ ಇದ್ದೀನಿ.

ಮೊದಲ ದಿನ ಬಳ್ಳಾರಿ. ಒಗ್ಗರಣೆ, ಮಿರ್ಚಿ ತಿಂದು ಸಂಗನಕಲ್ಲಿನ ಕಡೆ ಹೊರಟೆವು. ಊರಿನಿಂದ ಹತ್ತು ಕಿಲೋಮೀಟರೂ ಇಲ್ಲ. ಈಗ ನಿಮಗೆ ಕಾಣ್ತಾ ಇರೋದು ಹಿರೇಗುಡ್ಡ. ಸ್ವಲ್ಪ ಗಮನವಿಟ್ಟು ನೋಡಿ. ಗುಡ್ಡವೆಲ್ಲ ಬೂದುಬಣ್ಣದ ಗ್ರಾನೈಟ್, ಆದರೆ ಅದರ ಮೈಮೇಲೆ ಕಪ್ಪು ಗುಂಡುಗಳ ಒಂದು ಸಾಲು ಹಾದುಹೋಗಿದೆ, ಅಲ್ವಾ? ಅದನ್ನು ಡೈಕ್ ಅಂತಾರೆ. ಈ ಗ್ರಾನೈಟಿಗೆ ಹತ್ತಿರ ಹತ್ತಿರ 250 ಕೋಟಿ ವರ್ಷ. ಅದು ಆರಿ ಗಟ್ಟಿಯಾದ ಮೇಲೆ ಯಾವಾಗಲೋ ಸೀಳಿದೆ. ಆ ಸೀಳಿನೊಳಗೆ ಕೆಳಗಿನಿಂದ ಕುದಿಯುವ ಕಲ್ಲು ನುಗ್ಗಿ, ತುಂಬಿಕೊಂಡು, ಅಲ್ಲೇ ಹೆಪ್ಪುಗಟ್ಟಿದೆ. ಆ ಕರಿಕಲ್ಲೇ ಡಾಲರೈಟ್. ನೆಲ ಒಮ್ಮೆ ಬಾಯಿ ಬಿಟ್ಟಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹತ್ತುತ್ತಾ ಇದ್ದಾಗ ಕುರಿ ಕಾಯುವ ಒಬ್ಬ ಅಜ್ಜ ಸಿಕ್ಕ. "ಎಲ್ಲಿಂದ ಬಂದೀರವ್ವಾ? ಕಲ್ಲು ಬಾರಿಸಾಕ ಬಂದೀರೇನು?" ಅಂತ ಕೇಳಿದ. ಹೌದಜ್ಜ ಅಂದೆ. ನಾನು ಒಂದು ದೊಡ್ಡ ಗುಂಡಿಗೆ ಬೆಣಚುಕಲ್ಲಿನ ಚೂರಿನಿಂದ ತಟ್ಟಿದೆ. ಟಪ್ ಅಂತು, ಅಷ್ಟೇ. "ಅಲ್ಲಲ್ಲವ್ವ, ಅಕಾ ಅಲ್ಲಿ ಗುಳಿ ಬಿದ್ದೈತಲ್ಲ, ಅಲ್ಲಿ ತಟ್ಟು" ಅಂದ. ಅಂಗೈಯಷ್ಟು ಅಗಲದ ನುಣ್ಣನೆ ಗುಳಿ. ಮೆಲ್ಲಗೆ ತಟ್ಟಿದೆ. ಈಗ ನೀವು ಕೇಳ್ತಾ ಇರೋದು ಅದೇ ಸದ್ದು. ನಾನು ಏನನ್ನೂ ಸೇರಿಸಿಲ್ಲ. ಗುಡಿಯ ಗಂಟೆ ಥರ ಠಣ್ ಅನ್ನುತ್ತೆ. ಆ ಗುಳಿ ಬಿದ್ದಿರೋದು ಜನ ತಟ್ಟಿ ತಟ್ಟಿಯೇ. ಸಾವಿರಾರು ವರ್ಷದ ಹಿಂದೆ ಇಲ್ಲಿದ್ದವರು ಈ ಕರಿಕಲ್ಲನ್ನೇ ಒಡೆದು, ತೀಡಿ, ಕೊಡಲಿ ಮಾಡುತ್ತಿದ್ದರು. ಇದೇ ಕಲ್ಲಿನ ಮೇಲೆ ಡುಬ್ಬದ ಎತ್ತುಗಳನ್ನು ಕುಟ್ಟಿ ಬರೆದರು. ನೆಲದ ಸೀಳೊಂದು ಅವರಿಗೆ ಕಾರ್ಖಾನೆ ಆಯ್ತು, ವಾದ್ಯವೂ ಆಯ್ತು.

ದಯವಿಟ್ಟು ಚಿತ್ರಗಳಿರುವ ಕಲ್ಲನ್ನು ಮಾತ್ರ ಮುಟ್ಟಬೇಡಿ. ಜಲ್ಲಿಗೋಸ್ಕರ ಈ ಗುಡ್ಡವನ್ನು ಈಗಾಗಲೇ ಸಾಕಷ್ಟು ಒಡೆದಿದ್ದಾರೆ. ಆ ಕಡೆ ನೋಡಿದಾಗ ನನಗೆ ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ. 1843ರ ಏಪ್ರಿಲ್ 1ರಂದು ಇದೇ ಬಳ್ಳಾರಿ ಸೀಮೆಯಲ್ಲಿ ಭೂಮಿ ನಡುಗಿದೆ. ಹಳೇ ಭೂಕಂಪಗಳ ಪಟ್ಟಿಯಲ್ಲಿ ದಾಖಲಾಗಿದೆ. ಊರಲ್ಲಿ ಎಷ್ಟು ಜನರನ್ನು ಕೇಳಿದೆ, ಯಾರಿಗೂ ಗೊತ್ತಿಲ್ಲ.

ಎರಡನೇ ದಿನ ಕೊಪ್ಪಳದ ಕಡೆ, ದಾರಿಯಲ್ಲಿ ಸಿಕ್ಕ ಒಂದು ಪಾಳುಬಿದ್ದ ಕ್ವಾರಿ. ಡೈಕ್ ಅಂದರೆ ತುಂಬಿಕೊಂಡ ಬಿರುಕು. ಭೂಕಂಪ ಆಗುವ ಬಿರುಕು ಬೇರೆ, ಪುಸ್ತಕದಲ್ಲಿ ಅದಕ್ಕೆ ಸ್ತರಭಂಗ ಅಂತಾರೆ. ಕಟಕ್ ರೊಟ್ಟಿ ಮುರಿದು ಹಾಗೇ ಜೋಡಿಸಿಟ್ಟರೆ ಅದು ಬರೀ ಬಿರುಕು. ಒಂದು ತುಂಡನ್ನು ಚೂರು ಜರುಗಿಸಿದರೆ ಸ್ತರಭಂಗ. ಕಲ್ಲು ಜರುಗಿದ್ದು ಹೇಗೆ ಗೊತ್ತಾಗುತ್ತೆ? ಇಗೋ, ಈ ಗೋಡೆ ನೋಡಿ. ಪಾಲಿಶ್ ಮಾಡಿದ ಹಾಗೆ ಹೊಳೀತಾ ಇದೆ. ಅದರ ಮೇಲೆ ಬಾಚಣಿಗೆ ಎಳೆದಂಥ ಸಣ್ಣ ಸಣ್ಣ ಗೀರುಗಳು. ಒಂದು ಬಂಡೆ ಇನ್ನೊಂದನ್ನು ಉಜ್ಜಿಕೊಂಡು ಹೋದಾಗ ಆಗುವ ಗೀರು. ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಒಂದು ಕಡೆಗೆ ಎಳೆದರೆ ನುಣ್ಣಗೆ, ವಾಪಸ್ ಎಳೆದರೆ ತರಿತರಿ. ಸಾಮಾನ್ಯವಾಗಿ ನುಣ್ಣಗೆ ಅನಿಸುವ ದಿಕ್ಕಿಗೇ ಆಚೆಯ ಬಂಡೆ ಸರಿದಿರುತ್ತೆ. ಎಷ್ಟೋ ಕೋಟಿ ವರ್ಷದ ಹಿಂದಿನ ಒಂದು ಜರುಗಾಟ ನನ್ನ ಅಂಗೈಗೆ ತಿಳಿಯಿತು. ಅಲ್ಲಿಂದ ಏಳೋಕೆ ಮನಸ್ಸೇ ಬರಲಿಲ್ಲ.

ಇಂಥವೆಲ್ಲ ಈಗ ಮಲಗಿರುವ ಬಿರುಕುಗಳು. ಆದರೆ ನಮ್ಮ ಭೂಖಂಡ ಇವತ್ತಿಗೂ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಇಲ್ಲಿಯ ಬಂಡೆಗಳಲ್ಲೂ ಸೇರಿಕೊಳ್ಳುತ್ತೆ. ಎಲ್ಲೋ ಒಂದು ಕಡೆ ಹಳೇ ಬಿರುಕು ತಡೆಯಲಾರದೆ ಜರುಗುತ್ತೆ. ಕಿಲ್ಲಾರಿಯೂ ಗಟ್ಟಿ ನೆಲದ ಊರೇ. 6.2ರ ಕಂಪನ ಅದು. ಭಾರವಾದ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದವು. ನಮ್ಮ ಹಳ್ಳಿಗಳಲ್ಲೂ ಈಗಲೂ ಅಂಥ ಗೋಡೆಗಳಿವೆ. ಹೆದರಿಸೋಕೆ ಹೇಳ್ತಾ ಇಲ್ಲ. ಭೂಕಂಪದ ನಕ್ಷೆಯಲ್ಲಿ ನಮ್ಮದು ಕಡಿಮೆ ಅಪಾಯದ ಜಾಗವೇ. ಆದರೂ ಮನೆ ಕಟ್ಟುವವರು ಕಿಟಕಿ ಬಾಗಿಲಿನ ಮೇಲೆ ಮನೆ ಸುತ್ತಲೂ ಕಬ್ಬಿಣದ ಸರಳಿಟ್ಟ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿ. ಖರ್ಚು ಜಾಸ್ತಿ ಆಗಲ್ಲ, ನಾಲ್ಕೂ ಗೋಡೆಗಳನ್ನು ಅದು ಕಟ್ಟಿ ಹಿಡಿಯುತ್ತೆ.

ಮೂರನೇ ದಿನ ಮಸ್ಕಿ, ಆಮೇಲೆ ಹಟ್ಟಿ. ಹಟ್ಟಿಯ ಚಿನ್ನ ಇರೋದೂ ಇಂಥದೇ ಜಾಗದಲ್ಲಿ. ನೆಲದಾಳದಲ್ಲಿ ಕಲ್ಲು ನುಗ್ಗಾಗಿ ಜರುಗಿದ ಪಟ್ಟಿಗಳಲ್ಲಿ ಬಿಸಿನೀರು ಹರಿದು, ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಬಿಟ್ಟುಹೋಗಿದೆ. ಗಣಿಯೊಳಗೆ ನಮ್ಮನ್ನು ಬಿಡಲ್ಲ, ರಸ್ತೆಯಿಂದಲೇ ನೋಡಿದೆವು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತಲ್ಲ, ಅದು ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರಿಗೆ.

ಈ ಸಲ ಅವ್ವನನ್ನೂ ಕರಕೊಂಡು ಹೋಗಿದ್ದೆವು. ಸಂಜೆ ವಾಪಸ್ ಬರುವಾಗ ಕ್ವಾರಿಯ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದಳು. "ನನಗೂ ಕೈ ಆಡಿಸಬೇಕು, ಯಾವಾಗ ಕರಕೊಂಡು ಹೋಗ್ತಿ?" ಅಂದಳು. ಮುಂದಿನ ಭಾನುವಾರ, ಬೆಳಿಗ್ಗೆ ಆರಕ್ಕೇ ಹೊರಡ್ತೀವಿ. ಬಿಸಿಲೇರಿದರೆ ಕಲ್ಲು ಮುಟ್ಟೋಕೆ ಆಗಲ್ಲ.